ನೂರು ಟಿಎಂಸಿ ಮಳೆ, ಒಂದು ಟಿಎಂಸಿ ದಾಹ



ಪರಿಸರದ ಸುಸ್ಥಿರತೆ ಮತ್ತು ರಾಷ್ಟ್ರ ರಾಜಕಾರಣದ ಸ್ಥಿತಿಗತಿ ಎಂಬ ವಿಷಯ ಕೊಟ್ಟು ಮಾತಾಡಿ ಎಂದಿದ್ದೀರಿ. ಇಂಥ ಶೀರ್ಷಿಕೆ ಸಿಕ್ಕರೆ ದೆಹಲಿಯಲ್ಲಿ ಶುರು ಮಾಡಿ ಪ್ಯಾರಿಸ್ ಒಪ್ಪಂದದವರೆಗೆ ಹೋಗಿ ಬರುವುದು ವಾಡಿಕೆ. ನನಗೆ ಅಷ್ಟು ದೂರದ ಪ್ರಯಾಣ ಬೇಡ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕು ಸಾಕು. ಆಚೆ ಕಾಲಿಟ್ಟರೆ ಅದು ನೀರಿನ ಬೆನ್ನು ಹತ್ತಿ ಹೋದಾಗ ಮಾತ್ರ.

ಮೊದಲು ಒಂದು ಲೆಕ್ಕ. ವಿದ್ಯಾರ್ಥಿಗಳು ಮೊಬೈಲ್ ತೆಗೆದು ನನ್ನ ಜೊತೆಗೇ ಮಾಡಬಹುದು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ವಿಸ್ತೀರ್ಣ 4,200 ಚದರ ಕಿಲೋಮೀಟರಿಗೆ ತುಸು ಹೆಚ್ಚು. ವರ್ಷದ ಸರಾಸರಿ ಮಳೆ 700 ಮಿಲಿಮೀಟರಿನ ಆಸುಪಾಸು. ಎರಡನ್ನೂ ಗುಣಿಸಿದರೆ ಸುಮಾರು 294 ಕೋಟಿ ಘನ ಮೀಟರ್. ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. ಭಾಗಿಸಿ. ನೂರು ಟಿಎಂಸಿ ದಾಟುತ್ತದೆ. ಬರದ ನಾಡು ಎಂದು ನಾವೇ ಹಣೆಪಟ್ಟಿ ಹಚ್ಚಿಕೊಂಡಿರುವ ಈ ನೆಲದ ಮೇಲೆ ಸಾಧಾರಣ ವರ್ಷವೊಂದರಲ್ಲಿ ಆಕಾಶ ಸುರಿಯುವುದು ನೂರು ಟಿಎಂಸಿ.

ಈಗ ಇನ್ನೊಂದು ಬದಿ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 12.55 ಲಕ್ಷ. ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದೆ. ಎಲ್ಲರಿಗೂ ವರ್ಷಪೂರ್ತಿ ಅಷ್ಟು ಕೊಟ್ಟರೆ ಬೇಕಾಗುವುದು 2,519 ಕೋಟಿ ಲೀಟರ್. ಅಂದರೆ ಒಂದು ಟಿಎಂಸಿಗೂ ಕಡಿಮೆ. ಜನ ಹೆಚ್ಚಿದ್ದಾರೆ, ಪಟ್ಟಣದವರಿಗೆ ಇನ್ನಷ್ಟು ಬೇಕು, ಪೈಪು ಸೋರುತ್ತದೆ ಎಂದೆಲ್ಲ ಸೇರಿಸಿ ಎರಡೂವರೆ ಪಟ್ಟು ಮಾಡಿದರೂ ಎರಡು ಟಿಎಂಸಿ ದಾಟಿ ಸ್ವಲ್ಪ ಮುಂದಕ್ಕೆ ಹೋಗಿ ನಿಲ್ಲುತ್ತದೆ.

ಬಿದ್ದ ಮಳೆಯೆಲ್ಲ ನಮ್ಮ ಕೊಡಕ್ಕೆ ಬರುವುದಿಲ್ಲ ಎಂಬುದು ನನಗೂ ಗೊತ್ತು. ಮುಕ್ಕಾಲು ಪಾಲು ಬಿಸಿಲಿಗೆ ಹೋಗುತ್ತದೆ, ಗಿಡಮರ ಕುಡಿಯುತ್ತವೆ, ಮಣ್ಣು ಹೀರುತ್ತದೆ, ಹಳ್ಳ ಹರಿದು ಆಂಧ್ರಕ್ಕೆ ಹೋಗುತ್ತದೆ. ಮಳೆ ಕೈಕೊಡುವ ವರ್ಷಗಳೂ ಇವೆ. ಆದರೂ ನೂರಕ್ಕೂ ಒಂದಕ್ಕೂ ನಡುವಿನ ಅಂತರ ಇಷ್ಟು ದೊಡ್ಡದಾಗಿರುವಾಗ, ಮಗುವಿನ ಬಾಯಿಗೆ ಫ್ಲೋರೈಡ್ ಇಲ್ಲದ ಒಂದು ಲೋಟ ನೀರು ಕೊಡಲಾಗದೆ ಇರುವುದನ್ನು ಪ್ರಕೃತಿಯ ಮುನಿಸು ಎಂದು ಒಪ್ಪಿಕೊಳ್ಳಲು ನನ್ನ ಮನಸ್ಸು ಸಿದ್ಧವಿಲ್ಲ. ಇದು ರಾಜಕಾರಣದ ಫಲ. ಎಂಥ ರಾಜಕಾರಣ ಎಂಬುದೇ ಈ ಹೊತ್ತಿನ ಮಾತು.

ನಂದಿಬೆಟ್ಟದ ಮೇಲೆ ನಿಂತು ಮಂಜು ನೋಡಿ ಫೋಟೊ ಹಿಡಿದು ಇಳಿದು ಬರುವವರಿಗೆ ಕಾಲಡಿಯಿಂದ ನದಿಗಳು ಹೊರಡುತ್ತವೆ ಎಂಬುದು ಕಾಣುವುದಿಲ್ಲ. ಅರ್ಕಾವತಿ ಹೆಸರಘಟ್ಟದ ಕಡೆಗಿಳಿದು ಕೊನೆಗೆ ಕಾವೇರಿ ಸೇರುತ್ತದೆ. ಉತ್ತರ ಪಿನಾಕಿನಿ ಗೌರಿಬಿದನೂರಿನ ಮೇಲೆ ಹಾದು ಹಿಂದೂಪುರ, ಅನಂತಪುರ ದಾಟಿ ನೆಲ್ಲೂರಿನ ಬಳಿ ಸಮುದ್ರಕ್ಕೆ ಹೋಗುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ದಾರಿ ಹಿಡಿದು ತಮಿಳುನಾಡಿಗೆ. ಚಿತ್ರಾವತಿ ಬಾಗೇಪಲ್ಲಿಯತ್ತ, ಪಾಪಾಗ್ನಿ ಶಿಡ್ಲಘಟ್ಟದ ಸೀಮೆಯಿಂದ ಕಡಪದತ್ತ. ಹುಟ್ಟುವುದೆಲ್ಲ ಇಲ್ಲಿ, ಬಾಳುವುದೆಲ್ಲ ಬೇರೆ ಕಡೆ. ಹೀಗಾಗಿ ಇಲ್ಲಿನ ಹಿಂದಿನವರು ನದಿಯನ್ನು ನಂಬಿ ಕೂರಲಿಲ್ಲ. ಹಳ್ಳಕ್ಕೊಂದು ಏರಿ ಹಾಕಿದರು, ಒಂದು ಕೆರೆ ಕೋಡಿ ಬಿದ್ದರೆ ಮುಂದಿನ ಕೆರೆ ತುಂಬುವಂತೆ ಸಾಲು ಹಿಡಿಸಿದರು, ತೂಬು ತೆಗೆಯಲು ನೀರಗಂಟಿಯನ್ನು ನೇಮಿಸಿದರು. ಕೆರೆ ಹೊಸದಾಗಿ ಕಟ್ಟುವುದಕ್ಕೂ ಒಂದು ಕಾಲದಲ್ಲಿ ತೊಡಕು ಬಂತು. 1892ರಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ಆದ ಒಪ್ಪಂದವನ್ನು ನಾವು ಕಾವೇರಿಯ ಗಲಾಟೆಯಲ್ಲಷ್ಟೇ ನೆನೆಯುತ್ತೇವೆ. ಅದರ ಪಟ್ಟಿಯಲ್ಲಿ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಎಲ್ಲವೂ ಇದ್ದವು. ಕೆಳಗಿನವರನ್ನು ಕೇಳದೆ ಈ ನದಿಗಳಿಗೆ ಹೊಸ ಜಲಾಶಯ ಕಟ್ಟುವಂತಿಲ್ಲ ಎಂದಾಯಿತು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಕಟ್ಟೆ ಕಟ್ಟಲು ಮಂಡ್ಯದ ಕಡೆ ಹೋದರು. ತವರಿನ ಜನ ಕೆರೆಯನ್ನೇ ನಂಬಿ ಉಳಿದರು.

ಆ ನಂಬಿಕೆ ಹೋದದ್ದು ಒಂದೇ ತಲೆಮಾರಿನಲ್ಲಿ. ಹೇಗೆ ಹೋಯಿತು ಎಂಬುದನ್ನು ತಿಳಿಯಬೇಕಾದರೆ ರಾತ್ರಿ ಹೊತ್ತು ಒಂದು ಹೊಲದ ಬದಿಯಲ್ಲಿ ನಿಲ್ಲಬೇಕು. ತಿರುಚೆಂಗೋಡಿನ ರಿಗ್ಗು ಬಂದು ನಿಂತಿರುತ್ತದೆ, ಹಿಂದೆ ಕಂಪ್ರೆಸರ್ ಲಾರಿ. ನೀರು ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಸುತ್ತಿ, ಕಾಯಿ ಎದ್ದು ನಿಂತ ಜಾಗಕ್ಕೆ ಸುಣ್ಣ ಹಾಕಿ, ಪಾಯಿಂಟ್ ಕೊಟ್ಟು ಹೋಗಿರುತ್ತಾರೆ. ಪೂಜೆ ಆಗಿ, ನಿಂಬೆಹಣ್ಣು ಕುಯ್ದ ಮೇಲೆ ಕೊರೆಯುವ ಬಿಟ್ ಕೆಳಗಿಳಿಯುತ್ತದೆ. ಮೊದಲು ಕೆಮ್ಮಣ್ಣು, ಆಮೇಲೆ ಕೇಸಿಂಗ್, ಆಮೇಲೆ ಬೂದು ಬಣ್ಣದ ಪುಡಿ. ಮುನ್ನೂರು ಅಡಿ ದಾಟಿದ ಮೇಲೆ ಅಡಿಗೆ ದರ ಏರುತ್ತದೆ, ಐನೂರು ದಾಟಿದರೆ ಇನ್ನೊಂದು ದರ. ಎಂಟುನೂರರಲ್ಲಿ ಪುಡಿ ಹಸಿಯಾದಂತೆ ಕಂಡು ಎಲ್ಲರೂ ಮುಂದೆ ಬರುತ್ತಾರೆ, ಮತ್ತೆ ಬಿಳಿ ದೂಳು. ಮನೆಯಾಕೆ ಮಾತಾಡುವುದಿಲ್ಲ. ರಾಡ್ ಎಣಿಸುತ್ತ ಕೂತಿರುತ್ತಾಳೆ, ಯಾಕೆಂದರೆ ಸಾವಿರ ಅಡಿಯ ಆಚೆ ಅಡವಿಡಬೇಕಾದದ್ದು ಆಕೆಯ ಒಡವೆ. ಹನ್ನೆರಡು ನೂರಕ್ಕೆ ನೀರು ಬಿದ್ದರೆ ಒಂದೂವರೆ ಇಂಚು ಎನ್ನುತ್ತಾರೆ. ಬೀಳದಿದ್ದರೆ ಫೇಲ್ ಎನ್ನುತ್ತಾರೆ, ಶಾಲೆಯ ಪರೀಕ್ಷೆಯ ಹಾಗೆ, ಓದಿದವನದೇ ತಪ್ಪು ಎಂಬಂತೆ.

ಇದು ರೈತನ ದುರಾಸೆ ಎಂದು ನಗರದ ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಒಪ್ಪುವುದಿಲ್ಲ. ಶಿಡ್ಲಘಟ್ಟದಲ್ಲಿ ಗೂಡಿನ ಮಾರುಕಟ್ಟೆ ಇದೆ, ಹಿಪ್ಪುನೇರಳೆ ಸೊಪ್ಪು ಬೆಳೆಯದೆ ಗೂಡಿಲ್ಲ, ಕುದಿಯುವ ನೀರಿನ ಬೇಸಿನ್ನಿಗೆ ಗೂಡು ಹಾಕದೆ ನೂಲಿಲ್ಲ. ಚಿಂತಾಮಣಿಯ ಟೊಮೆಟೊ ಕ್ರೇಟು, ಚಿಕ್ಕಬಳ್ಳಾಪುರದ ದ್ರಾಕ್ಷಿ ಮತ್ತು ಹೂವು, ಎಲ್ಲೆಡೆಯ ಹಾಲಿನ ಕ್ಯಾನು, ಗೌರಿಬಿದನೂರಿನ ಮುಸುಕಿನ ಜೋಳ. ಬೆಂಗಳೂರು ಪ್ರತಿದಿನ ಬೆಳಗ್ಗೆ ತಿನ್ನುವುದು, ಮುಡಿಯುವುದು, ಉಡುವುದು ಈ ಸಾವಿರ ಅಡಿಯ ನೀರನ್ನೇ. ಅದರ ಬೆಲೆಯನ್ನು ಯಾರೂ ಕೊಡುವುದಿಲ್ಲ. ಸರ್ಕಾರ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ ಕೊಟ್ಟು ಕೈ ತೊಳೆದುಕೊಂಡಿತು. ಪುಕ್ಕಟೆ ಕರೆಂಟಿಗೆ ಓಟಿದೆ. ಕೆರೆಯ ಹೂಳೆತ್ತಿ, ರಾಜಕಾಲುವೆ ಬಿಡಿಸಿ, ಕಡಿಮೆ ನೀರಿನ ರಾಗಿ, ಅವರೆ, ತೊಗರಿಗೆ ಒಳ್ಳೆಯ ದರ ಕೊಟ್ಟಿದ್ದರೆ ಅದಕ್ಕೂ ಓಟು ಬೀಳುತ್ತಿತ್ತೋ ಏನೋ. ಆ ಪ್ರಯೋಗವನ್ನು ಯಾವ ಪಕ್ಷವೂ ಮನಸ್ಸಿಟ್ಟು ಮಾಡಿ ನೋಡಲಿಲ್ಲ.

ನೀಲಗಿರಿಯ ಮಾತನ್ನೂ ಒಂದು ಉಸಿರಿನಲ್ಲಿ ಹೇಳಿಬಿಡುತ್ತೇನೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಅವಿಭಜಿತ ಕೋಲಾರ ಜಿಲ್ಲೆಯ ಗೋಮಾಳ, ಹೊಲ, ಕೆರೆಯ ಮೇಲ್ಭಾಗದ ದಿಣ್ಣೆಗಳೆಲ್ಲ ನೀಲಗಿರಿಯಾದವು. ರೈತ ಸಂಘದವರು ಆಗಲೇ ಸಸಿ ಕಿತ್ತು ಪ್ರತಿಭಟಿಸಿದ್ದರು. ರಾಜ್ಯ ಸರ್ಕಾರ ಹೊಸದಾಗಿ ನೆಡಬಾರದೆಂದು ಆದೇಶ ಹೊರಡಿಸಿದ್ದು 2017ರಲ್ಲಿ. ಮೂರು ದಶಕ ತಡವಾಗಿ.

ಅಂತರ್ಜಲದ ಲೆಕ್ಕ ಹಾಕುವ ಕೇಂದ್ರ ಇಲಾಖೆ ಈ ತಾಲ್ಲೂಕುಗಳನ್ನು ಅತಿಬಳಕೆಯ ಪಟ್ಟಿಯಲ್ಲಿ ಇಟ್ಟು ವರ್ಷಗಳಾದವು. ಇಂಗಿದ್ದಕ್ಕಿಂತ ಎತ್ತಿದ್ದೇ ಹೆಚ್ಚು ಎಂದು ಅದರ ಅರ್ಥ. ಆಳಕ್ಕೆ ಹೋದಷ್ಟೂ ಬಂಡೆಯಲ್ಲಿದ್ದದ್ದು ನೀರಿನಲ್ಲಿ ಬರುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿ ಫ್ಲೋರೈಡ್ ಇದ್ದರೆ ಕುಡಿಯಬಾರದು. ಹಲ್ಲಿನ ಮೇಲೆ ಕಂದು ಪಟ್ಟೆ ಇರುವ ಮಕ್ಕಳು, ಮಂಡಿ ಮಡಿಸಲಾಗದ ಅಜ್ಜಿಯರು ನಮಗೆ ಎಷ್ಟು ಸಾಮಾನ್ಯವಾಗಿದ್ದಾರೆಂದರೆ, ಅದು ಕಾಯಿಲೆ ಎಂದು ಯಾರಿಗೂ ಅನಿಸುವುದೇ ಇಲ್ಲ. ಈಗ ಊರೂರಿಗೂ ಶುದ್ಧ ನೀರಿನ ಘಟಕವಿದೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಮೆಂಬರೇನ್ ಕೆಟ್ಟರೆ ತಿಂಗಳುಗಟ್ಟಲೆ ಬೀಗ.

ಇಷ್ಟು ಹಿನ್ನೆಲೆ ಇಟ್ಟುಕೊಂಡು ರಾಜಕಾರಣಕ್ಕೆ ಬರೋಣ. ರಾಷ್ಟ್ರ ರಾಜಕಾರಣ ಈ ನೆಲಕ್ಕೆ ಹೊಸದಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿತು. ಸ್ಮಾರಕ ನೆನೆಯುವ ಲೆಕ್ಕದಲ್ಲಿ ಸತ್ತವರು 32 ಮಂದಿ. ಸರ್ದಾರ್ ಪಟೇಲರು ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಯಿತು, ಮೈಸೂರು ಸೀಮೆಯಲ್ಲಿ ಬಾವುಟ ಹಾರಿಸಲು ಅವಕಾಶ ಸಿಕ್ಕಿತು. ಆ ಹಳ್ಳಿಯ ಜನ ದೇಶದ ಪ್ರಶ್ನೆಯನ್ನು ತಮ್ಮ ಊರಿನ ಪ್ರಶ್ನೆ ಎಂದುಕೊಂಡು ಪ್ರಾಣ ಕೊಟ್ಟರು. ಗುಂಡು ಹಾರಿದ್ದು ಉತ್ತರ ಪಿನಾಕಿನಿಯ ದಡದಲ್ಲಿ. ಅದೇ ನದಿಯ ಮರಳನ್ನು ಸ್ವತಂತ್ರ ಭಾರತದಲ್ಲಿ ಲಾರಿಗಟ್ಟಲೆ ಬಗೆದು ಬೆಂಗಳೂರಿನ ಕಟ್ಟಡಗಳಿಗೆ ಸಾಗಿಸಿದರು. ಮರಳು ಹೋದ ಮೇಲೆ ದಡದ ಬಾವಿಗಳೂ ಹೋದವು. ಊರಿನ ಪ್ರಶ್ನೆಯನ್ನು ದೇಶ ತನ್ನದೆಂದುಕೊಂಡಿತೇ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಿಲ್ಲ.

ಎತ್ತಿನಹೊಳೆಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನೀರಾವರಿ ತಜ್ಞ ಜಿ.ಎಸ್. ಪರಮಶಿವಯ್ಯನವರು ಪಶ್ಚಿಮಕ್ಕೆ ಹರಿಯುವ ನೀರನ್ನು ಪೂರ್ವದ ಬಯಲಿಗೆ ತರಬಹುದೆಂದು ವರದಿ ಕೊಟ್ಟಿದ್ದರು. ಆ ಕನಸು ಇಲ್ಲಿನ ಜನರಿಗೆ ಎಷ್ಟು ಇಷ್ಟವಾಯಿತೆಂದರೆ ಪರಮಶಿವಯ್ಯ ವರದಿ ಎಂಬುದು ಕೋಲಾರ, ಚಿಕ್ಕಬಳ್ಳಾಪುರದ ಗೋಡೆಬರಹವಾಯಿತು. ಸರ್ಕಾರ ಆ ವರದಿಯನ್ನು ಬದಿಗಿಟ್ಟು, ಸಕಲೇಶಪುರದ ಘಟ್ಟದಲ್ಲಿ ಹುಟ್ಟಿ ಕೊನೆಗೆ ನೇತ್ರಾವತಿ ಸೇರುವ ಎತ್ತಿನಹೊಳೆಯ ನೀರು ತರುವ ಯೋಜನೆಯನ್ನು ಮುಂದಿಟ್ಟಿತು. 2012ರಲ್ಲಿ ಬಿಜೆಪಿ ಸರ್ಕಾರ ಒಪ್ಪಿಗೆ ಕೊಟ್ಟಾಗ ಅಂದಾಜು 8,323 ಕೋಟಿ ರೂಪಾಯಿ. 2014ರಲ್ಲಿ ಕಾಂಗ್ರೆಸ್ ಸರ್ಕಾರದಲ್ಲಿ 12,912 ಕೋಟಿ. 2023ರಲ್ಲಿ ಮತ್ತೆ ಬಿಜೆಪಿ ಸರ್ಕಾರವಿದ್ದಾಗ 23,251 ಕೋಟಿ. ಮೊತ್ತ ಹಿಗ್ಗಿಸುವ ವಿಷಯದಲ್ಲಿ ನಮ್ಮ ಎರಡು ದೊಡ್ಡ ಪಕ್ಷಗಳ ನಡುವೆ ಎಂದೂ ಭಿನ್ನಾಭಿಪ್ರಾಯ ಬಂದಿಲ್ಲ.

ಶಂಕುಸ್ಥಾಪನೆಯ ದಿನವನ್ನು ನೋಡಿ. 2014ರ ಮಾರ್ಚ್ 3, ಸ್ಥಳ ಚಿಕ್ಕಬಳ್ಳಾಪುರ. ಮಾರ್ಚ್ 5ಕ್ಕೆ ಚುನಾವಣಾ ಆಯೋಗ ಲೋಕಸಭಾ ಚುನಾವಣೆ ಘೋಷಿಸಿತು. ಎರಡು ದಿನದ ಅಂತರ! ಆಗ ಇಲ್ಲಿನ ಸಂಸದರು ಎಂ. ವೀರಪ್ಪ ಮೊಯಿಲಿ. ಅವರೇ ಕೇಂದ್ರದ ಪರಿಸರ ಖಾತೆಯನ್ನೂ ನೋಡಿಕೊಳ್ಳುತ್ತಿದ್ದ ಸಚಿವರು, ಮೂಲತಃ ಕರಾವಳಿಯವರು. ಘಟ್ಟದ ನೀರು ಬೇಡುವ ಕ್ಷೇತ್ರ, ಘಟ್ಟವನ್ನು ಕಾಯಬೇಕಾದ ಖಾತೆ, ಘಟ್ಟದ ಕೆಳಗಿನ ತವರು, ಮೂರೂ ಒಬ್ಬರ ಹೆಗಲ ಮೇಲೆ. ಆ ಚುನಾವಣೆಯಲ್ಲಿ ಅವರು 9,520 ಮತಗಳಿಂದ ಗೆದ್ದರು. ಎಚ್.ಡಿ. ಕುಮಾರಸ್ವಾಮಿಯವರೂ ಕಣದಲ್ಲಿದ್ದರು. ಎಲ್ಲರೂ ನೀರಿನ ಮಾತೇ ಆಡಿದರು. 2019ರಲ್ಲಿ ಮೊಯಿಲಿ ಬಿ.ಎನ್. ಬಚ್ಚೇಗೌಡರೆದುರು 1.82 ಲಕ್ಷ ಮತಗಳಿಂದ ಸೋತರು. ನೀರು ಇನ್ನೂ ಬಂದಿರಲಿಲ್ಲ.

ಯೋಜನೆಯ ಗುರಿ 24.01 ಟಿಎಂಸಿ. ಅದರಲ್ಲಿ 14.056 ಟಿಎಂಸಿ ಏಳು ಜಿಲ್ಲೆಗಳ ಕುಡಿಯುವ ನೀರಿಗೆ, 9.953 ಟಿಎಂಸಿ 527 ಕೆರೆ ತುಂಬಿಸಲು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಮಾಡಿದ ಅಧ್ಯಯನ ಅಲ್ಲಿ ಸಿಗುವುದೇ 9.55 ಟಿಎಂಸಿ ಎಂದಿತು. ಈ ಅಂಕಿಯ ಮೇಲೆ ಸಂಸತ್ತಿನಲ್ಲಿ ಒಂದು ದಿನ ಪೂರ್ತಿ ಚರ್ಚೆಯಾಗಬೇಕಿತ್ತು. ಆಗಲಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಕುಡಿಯುವ ನೀರಿನ ಯೋಜನೆ ಇಲ್ಲ. ಹಾಗಾಗಿ ಪರಿಣಾಮದ ಅಧ್ಯಯನ, ಸಾರ್ವಜನಿಕ ಅಹವಾಲು ಬೇಕಿಲ್ಲ ಎಂದಾಯಿತು. ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಅರ್ಜಿಗಳನ್ನು ತಳ್ಳಿಹಾಕಿತು. ಕುಡಿಯುವ ನೀರಿಗೆ ನಮ್ಮ ಜಿಲ್ಲೆಗೆ ಬೇಕಾದದ್ದು ಎಷ್ಟು ಎಂದು ಆಗಲೇ ಲೆಕ್ಕ ಹಾಕಿದ್ದೇವೆ. ನಮ್ಮ ದಾಹದ ಹೆಸರಿನಲ್ಲಿ ಸಕಲೇಶಪುರದ ಕಾಡಿನಲ್ಲಿ ನಡೆದದ್ದನ್ನೆಲ್ಲ ನಾವು ಕೇಳಿಯೇ ಮಾಡಿಸಿದ್ದಲ್ಲ. ಹಾಗೆಂದು ನಮಗೂ ಅದಕ್ಕೂ ಸಂಬಂಧವೇ ಇಲ್ಲ ಎನ್ನಲೂ ಆಗದು.

ಕರಾವಳಿಯಲ್ಲಿ ನೇತ್ರಾವತಿ ಉಳಿಸಿ ಎಂದು ಬೀದಿಗಿಳಿದರು. ಇಲ್ಲಿ ನೀರು ತನ್ನಿ ಎಂದು ಬೀದಿಗಿಳಿದರು. 2016ರ ಮಾರ್ಚ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗಳ ರೈತರು ಟ್ರ್ಯಾಕ್ಟರ್ ಕಟ್ಟಿಕೊಂಡು ಬೆಂಗಳೂರಿಗೆ ಹೊರಟಾಗ ರಾಜಧಾನಿಯ ಉತ್ತರದ ಹೆದ್ದಾರಿ ನಿಂತೇಹೋಯಿತು. ರಾಷ್ಟ್ರೀಯ ಪಕ್ಷಗಳು ಈ ಎರಡು ಕೂಗಿಗೆ ಕಂಡುಕೊಂಡ ಉಪಾಯ ಬಹಳ ಸರಳ. ಮಂಗಳೂರಿನ ವೇದಿಕೆಯಲ್ಲಿ ಒಂದು ಮಾತು, ಚಿಕ್ಕಬಳ್ಳಾಪುರದ ವೇದಿಕೆಯಲ್ಲಿ ಇನ್ನೊಂದು. ಒಂದೇ ಪಕ್ಷ, ಒಂದೇ ಚಿಹ್ನೆ, ಎರಡು ನಾಲಿಗೆ. ರಾಷ್ಟ್ರೀಯ ಪಕ್ಷ ಅನ್ನಿಸಿಕೊಂಡದ್ದಕ್ಕೆ ಎರಡೂ ಕಡೆಯವರನ್ನು ಒಂದು ಚಾಪೆಯ ಮೇಲೆ ಕೂರಿಸಿ ಇಷ್ಟು ನೀರಿದೆ, ಇಷ್ಟು ಇಲ್ಲ ಎಂದು ಹೇಳುವ ಹೊಣೆ ಇದೆಯಲ್ಲವೆ? ಆ ಹೊಣೆಯನ್ನು ಅವರು ಕಂಟ್ರಾಕ್ಟರಿಗೆ ಬಿಟ್ಟರು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತದ ಪಂಪುಗಳನ್ನು ಚಾಲೂ ಮಾಡಿದಾಗ ನೀರು ವೇದಾವತಿ ಹಿಡಿದು ವಾಣಿವಿಲಾಸ ಸಾಗರದತ್ತ ಹೋಯಿತು. ನಮ್ಮ ಕಡೆಯ ಕಾಲುವೆ ಆಗ ಪೂರ್ತಿಯಾಗಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ನೀರು ಬಂದಿತ್ತು. ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ದಿನಕ್ಕೆ 21 ಕೋಟಿ ಲೀಟರ್ ಪಂಪು ಮಾಡುವುದು ಗುರಿ. ಚಿಕ್ಕಬಳ್ಳಾಪುರದ ಪಕ್ಕದ ಕಂದವಾರ ಕೆರೆಯಿಂದ ಹಿಡಿದು ಜಿಲ್ಲೆಯ 44 ಕೆರೆಗಳು ಅದರ ಪಟ್ಟಿಯಲ್ಲಿವೆ. ಪೂರ್ತಿ ಸಾಮರ್ಥ್ಯದಲ್ಲಿ ಹರಿದರೆ ವರ್ಷಕ್ಕೆ 2.7 ಟಿಎಂಸಿ. ಸಣ್ಣದಲ್ಲ. ಕೆರೆ ತುಂಬಿದ ಊರಿನಲ್ಲಿ ಬತ್ತಿದ ಕೊಳವೆಬಾವಿಗೆ ಮತ್ತೆ ನೀರು ಬಂದದ್ದು ನಿಜ, ರೈತರೇ ಹೇಳುತ್ತಾರೆ. ಮೂಲ ಹುಡುಕಿದರೆ ಇದರಲ್ಲಿ ಬಹುಪಾಲು ಕಾವೇರಿ. ತೊರೆಕಾಡನಹಳ್ಳಿಯಿಂದ ಮೇಲೆತ್ತಿ ತಂದು, ಬೆಂಗಳೂರು ಮಿಂದು, ತೊಳೆದು, ಬಿಟ್ಟದ್ದು ಈಗ ಪಿನಾಕಿನಿಯ ಕಣಿವೆಗೆ ಇಳಿಯುತ್ತಿದೆ. ಇಂಗಲಷ್ಟೇ ಈ ನೀರು, ಕೆರೆಗೆ ಮೋಟಾರು ಇಟ್ಟು ಎತ್ತಬಾರದು ಎಂಬುದು ನಿಯಮ. ಇಂಗಿದ ಮೇಲೆ ಅದೇ ನೀರನ್ನು ಪಕ್ಕದ ಬಾವಿಯಿಂದ ಎತ್ತಿ ಕುಡಿಯಬಹುದು. ನಿಯಮ ಬರೆದವರು ಬಾವಿಯ ನೀರು ಕುಡಿಯುವವರಾಗಿರಲಿಕ್ಕಿಲ್ಲ.

ನೆರೆಯ ಕೋಲಾರಕ್ಕೆ ಇಂಥದೇ ಕೆ.ಸಿ. ವ್ಯಾಲಿ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗ ನೊರೆ ಎದ್ದಿತು. ಹೈಕೋರ್ಟ್ ತಡೆ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ನೀರು ಮತ್ತೆ ಹರಿಯಿತು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿ ಮತ್ತು ಗೆಳೆಯರು ಕೇಳಿದ್ದು ನೀರು ನಿಲ್ಲಿಸಿ ಎಂದಲ್ಲ, ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದು. ಹಾಗೆ ಕೇಳಿದವರನ್ನು ಅಭಿವೃದ್ಧಿ ವಿರೋಧಿಗಳೆಂದು ಕರೆಯಲಾಯಿತು. ನಮ್ಮಲ್ಲಿ ಪರಿಸರದ ಪ್ರಶ್ನೆ ಕೇಳಿದವರಿಗೆ ಸಿಗುವ ಪಟ್ಟ ಅದು, ಸರ್ಕಾರ ಯಾವ ಪಕ್ಷದ್ದೇ ಇರಲಿ.

ಭೂಪಟದಲ್ಲಿ ಇನ್ನೊಂದನ್ನು ಗಮನಿಸಿದ್ದೀರಾ? ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ಒಂದು ಕಡೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಯಲಹಂಕ ಇನ್ನೊಂದು ಕಡೆ. ಮತದಾರರ ಸಂಖ್ಯೆಯಲ್ಲಿ ಎಂಟರಲ್ಲೂ ದೊಡ್ಡದು ಯಲಹಂಕ, ಅಂದರೆ ಬೆಂಗಳೂರು. ಕೊಳಚೆ ಬಿಡುವ ನಗರದ ಒಂದು ಪಾಲಿಗೂ ಅದನ್ನು ಇಂಗಿಸಿಕೊಳ್ಳುವವರಿಗೂ ಸಂಸದರು ಒಬ್ಬರೇ. ಮೂರನೇ ಹಂತದ ಶುದ್ಧೀಕರಣಕ್ಕೆ ನಗರದವರ ಮೇಲೆ ತೆರಿಗೆ ಹಾಕಿ ಎಂದು ಆ ಸಂಸದರು ಯಾವ ಬಾಯಲ್ಲಿ ಕೇಳಿಯಾರು? ಇದೇ ಜಿಲ್ಲೆಯ ಶಿಡ್ಲಘಟ್ಟ, ಚಿಂತಾಮಣಿ ಕೋಲಾರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಒಂದೇ ಕೆರೆಸಾಲಿನ ಮೇಲಿನ ಕೆರೆ ಒಬ್ಬ ಸಂಸದರಿಗೆ, ಕೆಳಗಿನ ಕೆರೆ ಇನ್ನೊಬ್ಬರಿಗೆ. 2024ರಲ್ಲಿ ಚಿಕ್ಕಬಳ್ಳಾಪುರದಿಂದ ಬಿಜೆಪಿಯ ಡಾ. ಕೆ. ಸುಧಾಕರ್, ಕೋಲಾರದಿಂದ ಜೆಡಿಎಸ್‌ನ ಮಲ್ಲೇಶ್ ಬಾಬು ಗೆದ್ದರು, ಒಂದೇ ಮೈತ್ರಿಕೂಟದವರು. ನೀರಿನ ವಿಷಯಕ್ಕೆ ಅದರಿಂದ ಏನಾದರೂ ಅನುಕೂಲವಾಯಿತೇ ಎಂಬುದನ್ನು ನೀವೇ ಗಮನಿಸುತ್ತಿರಬಹುದು.

ಆ ಚುನಾವಣೆ ನಡೆದದ್ದು ಬರದ ನಡುವೆ. 2023ರ ಮುಂಗಾರು ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದ್ದರು. ರಾಜ್ಯ 18,171 ಕೋಟಿ ರೂಪಾಯಿ ಕೇಳಿತು, ಕೊಡಲಿಲ್ಲವೆಂದು ಸುಪ್ರೀಂ ಕೋರ್ಟಿಗೆ ಹೋಯಿತು, 2024ರ ಏಪ್ರಿಲ್ ಕೊನೆಯಲ್ಲಿ ಕೇಂದ್ರ ಸುಮಾರು 3,454 ಕೋಟಿ ಬಿಡುಗಡೆ ಮಾಡಿತು. ಅದಕ್ಕೂ ಕೆಲವೇ ದಿನ ಮುಂಚೆ, ಏಪ್ರಿಲ್ 20ರಂದು, ಪ್ರಧಾನಿಯವರು ಚಿಕ್ಕಬಳ್ಳಾಪುರದಲ್ಲೇ ಪ್ರಚಾರಸಭೆ ಮಾಡಿದ್ದರು. ಒಕ್ಕೂಟದಲ್ಲಿ ಯಾರ ಪಾಲು ಎಷ್ಟು ಎಂಬ ಜಗಳ ಸಣ್ಣದಲ್ಲ, ಆಗಲೇಬೇಕಾದ ಜಗಳ. ಆದರೆ ಆ ಹಣ ಒಣಗಿದ ಬೆಳೆಗೆ ಪರಿಹಾರ. ಬೆಳೆ ಒಣಗದ ಹಾಗೆ ಮಾಡಲು ಎಷ್ಟು ಬೇಕೆಂದು ರಾಜ್ಯ ಕೇಳಲಿಲ್ಲ, ಕೇಂದ್ರವೂ ಹೇಳಲಿಲ್ಲ.

ಮಳೆ ಬಂದ ವರ್ಷದ್ದೂ ಒಂದು ಪಾಠವಿದೆ. 2021ರ ನವೆಂಬರಿನಲ್ಲಿ ದಶಕಗಳಿಂದ ಕೋಡಿ ಕಾಣದಿದ್ದ ಕೆರೆಗಳು ಕೋಡಿ ಬಿದ್ದವು. ಜನ ಹೂವು, ಅರಿಶಿನ ಕುಂಕುಮ ಹಿಡಿದು ಬಾಗಿನ ಕೊಡಲು ಹೋದರು. ಅದೇ ವಾರ ಕೆರೆಯಂಗಳದಲ್ಲಿ ಎದ್ದ ಬಡಾವಣೆಗಳಿಗೆ ನೀರು ನುಗ್ಗಿತು. ನಮ್ಮ ಚಿತ್ರಾವತಿ ಗಡಿಯಾಚೆ ಅನಂತಪುರ ಜಿಲ್ಲೆಯಲ್ಲಿ ಉಕ್ಕಿ, ಪ್ರವಾಹದ ನಡುವೆ ಸಿಕ್ಕಿಕೊಂಡವರನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿಕೊಳ್ಳಬೇಕಾಯಿತು. ನೂರು ಟಿಎಂಸಿಯಲ್ಲಿ ಎಷ್ಟು ಹರಿದುಹೋಯಿತೋ! ಕೆರೆಯ ಹೊಟ್ಟೆಯಲ್ಲಿ ಹೂಳು, ಕಾಲುವೆಯ ಮೇಲೆ ಸೈಟು.

ಇತ್ತ ಭೂಮಿಯೂ ಕೈ ಬದಲಿಸುತ್ತಿದೆ. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯಲ್ಲಿ 13 ಹಳ್ಳಿಗಳ 2,823 ಎಕರೆಯನ್ನು ಕೈಗಾರಿಕೆಗೆ ಹಿಡಿಯಲು ಹೊರಟಾಗ ರೈತರಲ್ಲೇ ಎರಡು ಗುಂಪಾಯಿತು. ಕೊಡುತ್ತೇವೆ ಎಂದವರನ್ನು ನಾನು ಹಳಿಯಲಾರೆ. ಮೂರು ಬೋರು ಫೇಲಾದವನಿಗೆ ಎಕರೆಗೆ ಕೋಟಿ ಸಿಗುತ್ತದೆಂಬ ಆಸೆ ಹುಟ್ಟಿದರೆ ಅದು ಅವನ ತಪ್ಪಲ್ಲ. ಕೊಡುವುದಿಲ್ಲ ಎಂದವರು ಹಿಪ್ಪುನೇರಳೆ, ದ್ರಾಕ್ಷಿ, ಹಸು ನಂಬಿದವರು. ಪಕ್ಕದ ದೇವನಹಳ್ಳಿಯ ಚನ್ನರಾಯಪಟ್ಟಣದಲ್ಲಿ 1,777 ಎಕರೆಯ ಸ್ವಾಧೀನವನ್ನು ಮೂರು ವರ್ಷಕ್ಕೂ ಮೀರಿದ ಧರಣಿಯ ನಂತರ 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಅದೇ ತಿಂಗಳ 2ರಂದು ಸಚಿವ ಸಂಪುಟ ನಂದಿಬೆಟ್ಟದ ಮೇಲೆ ಸಭೆ ಸೇರಿ ಬಾಗೇಪಲ್ಲಿಗೆ ಭಾಗ್ಯನಗರ ಎಂದು ಹೆಸರಿಡಲು ನಿರ್ಧರಿಸಿತ್ತು. ಹೆಸರು ಬದಲಿಸಲು ಹೂಳೆತ್ತಬೇಕಾಗಿಲ್ಲ, ಆ ಅನುಕೂಲ ಇದೆ.

ಬರೀ ಮೇಲಿನವರನ್ನು ದೂರಿ ಕೂತರೆ ನ್ಯಾಯವಾಗದು. ಗೌರಿಬಿದನೂರು ತಾಲ್ಲೂಕಿನ ವಾಟದಹೊಸಹಳ್ಳಿ ಕೆರೆಯನ್ನು ತೆಗೆದುಕೊಳ್ಳಿ. ಅಲ್ಲಿನ ನೀರನ್ನು ಗೌರಿಬಿದನೂರು ಪಟ್ಟಣಕ್ಕೆ ಕುಡಿಯಲು ಒಯ್ಯುವ ಯೋಜನೆ ಬಂದಾಗ ಅಚ್ಚುಕಟ್ಟಿನ ರೈತರು ಅಡ್ಡ ನಿಂತರು. ನಮ್ಮ ಕೆರೆಯಲ್ಲಿ ನಮಗೇ ಸಾಲದು, ಪಟ್ಟಣ ತನ್ನ ಕೆರೆಗಳನ್ನು ಮೊದಲು ಉಳಿಸಿಕೊಳ್ಳಲಿ ಎಂಬುದು ಅವರ ವಾದ. ನೇತ್ರಾವತಿಯ ದಡದವರು ನಮಗೆ ಹೇಳಿದ್ದೂ ಇದನ್ನೇ. ಆಗ ನಮಗೆ ಅದು ಸ್ವಾರ್ಥವಾಗಿ ಕೇಳಿಸಿತ್ತು. ನಮ್ಮದೇ ತಾಲ್ಲೂಕಿನಲ್ಲಿ ಅದೇ ಮಾತು ಎದ್ದಾಗ ಅದಕ್ಕೂ ಒಂದು ನ್ಯಾಯವಿದೆ ಎಂದು ತಿಳಿಯಿತು. ಪಟ್ಟಣದವರ ಬಾಯಾರಿಕೆಯೂ ಸುಳ್ಳಲ್ಲ. ಇಂಥ ಜಗಳ ಬಗೆಹರಿಸಲು ಕೋರ್ಟು, ಪೊಲೀಸು, ಶಾಸಕರ ಮನೆ ಬಿಟ್ಟು ಒಂದು ಜಾಗ ಬೇಕು. ಕೂತು ಮಾತಾಡುವ, ತೂಬಿನ ಅಳತೆ ನೋಡುವ, ಯಾರಿಗೆ ಎಷ್ಟು ದಿನ ಎಂದು ಬರೆದಿಡುವ ಜಾಗ.

ಕಾನೂನಿನಲ್ಲಿ ಆ ಜಾಗ ಇದೆ. ಸಂವಿಧಾನಕ್ಕೆ 73ನೇ ತಿದ್ದುಪಡಿ ಸೇರಿಸಿದ ಹನ್ನೊಂದನೇ ಪರಿಶಿಷ್ಟದಲ್ಲಿ ಸಣ್ಣ ನೀರಾವರಿ, ನೀರಿನ ನಿರ್ವಹಣೆ, ಜಲಾನಯನ ಎಲ್ಲವೂ ಪಂಚಾಯತಿಗೆ ಸೇರಿದ ವಿಷಯಗಳು. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಸುಪರ್ದಿನಲ್ಲಿವೆ, ನಮ್ಮ ಕೆರೆಗಳಲ್ಲಿ ಹೆಚ್ಚಿನವು ಅಂಥವೇ. ಅಟಲ್ ಭೂಜಲ ಯೋಜನೆಯಂತೂ ಗ್ರಾಮ ಪಂಚಾಯತಿಯೇ ನೀರಿನ ಬಜೆಟ್ ಮಾಡಲಿ ಎಂದಿತು. ಎಷ್ಟು ಬಿತ್ತು, ಎಷ್ಟು ಇಂಗಿತು, ಎಷ್ಟು ಎತ್ತಿದೆವು ಎಂದು ಊರಿನವರೇ ಲೆಕ್ಕ ಇಡುವುದು. ಈ ಉಪನ್ಯಾಸದ ಮೊದಲಿಗೆ ನಾವು ಮಾಡಿದ ಲೆಕ್ಕವನ್ನೇ ಒಂದೊಂದು ಪಂಚಾಯತಿಯಲ್ಲೂ ಮಾಡಬಹುದು, ಹೈಸ್ಕೂಲಿನ ಮಕ್ಕಳು ಸಾಕು.

ಇನ್ನು ಆ ಪಂಚಾಯತಿಗಳ ಸ್ಥಿತಿ. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ಕ್ಕೆ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎನ್ನುತ್ತ ಬಿಜೆಪಿ ಸರ್ಕಾರ ಮುಂದೂಡಿತು, ಕಾಂಗ್ರೆಸ್ ಸರ್ಕಾರವೂ ಮುಂದೂಡಿತು. ನಮ್ಮ ಜಿಲ್ಲಾ ಪಂಚಾಯತಿಯ ಸಭಾಂಗಣದಲ್ಲಿ ಚುನಾಯಿತ ಸದಸ್ಯರ ಕುರ್ಚಿ ವರ್ಷಗಟ್ಟಲೆ ಖಾಲಿ, ಸಹಿ ಹಾಕುವವರು ಅಧಿಕಾರಿಗಳು. ದೆಹಲಿಯಲ್ಲಿ ಪ್ರಜಾಪ್ರಭುತ್ವ ಅಪಾಯದಲ್ಲಿದೆಯೋ ಇಲ್ಲವೋ ಎಂದು ನಾವು ಟಿ.ವಿ. ಮುಂದೆ ಕೂತು ವಾದ ಮಾಡುತ್ತಿದ್ದ ಅಷ್ಟೂ ಕಾಲ, ಕೆರೆ ಯಾರ ಕೈಯಲ್ಲಿದೆಯೋ ಆ ಮನೆಗೆ ಬೀಗ ಬಿದ್ದಿತ್ತು. ಈ ನಾಲ್ಕು ತಾಲ್ಲೂಕುಗಳಲ್ಲಿ ಅದಕ್ಕಾಗಿ ಒಂದು ಟ್ರ್ಯಾಕ್ಟರ್ ರ‍್ಯಾಲಿ ನಡೆದದ್ದನ್ನು ನಾನು ಕಂಡಿಲ್ಲ.

ಮುಂದೆ ಇನ್ನೊಂದು ಬದಲಾವಣೆ ಕಾದಿದೆ. 2027ರ ಜನಗಣತಿಯ ನಂತರ ಲೋಕಸಭಾ ಕ್ಷೇತ್ರಗಳ ಗಡಿಯನ್ನು ಮತ್ತೆ ಎಳೆಯುವ ಮಾತು ದೇಶದಲ್ಲಿ ನಡೆದಿದೆ. ದಕ್ಷಿಣದ ರಾಜ್ಯಗಳಿಗೆ ಎಷ್ಟು ಸ್ಥಾನ ಕಡಿಮೆಯಾಗಬಹುದು ಎಂಬುದು ಚೆನ್ನೈ, ಬೆಂಗಳೂರಿನ ಆತಂಕ. ಅದು ಸರಿಯಾದ ಆತಂಕವೇ. ನಮ್ಮ ಆತಂಕ ಅದರೊಳಗಿನ ಇನ್ನೊಂದು. ಗಡಿ ಎಳೆಯುವುದು ತಲೆ ಎಣಿಸಿ. ಯಲಹಂಕ, ದೇವನಹಳ್ಳಿಯ ಕಡೆ ತಲೆಗಳು ಏರುತ್ತಲೇ ಇವೆ. ಪಿನಾಕಿನಿಯ ಕಣಿವೆಯ ಹಳ್ಳಿಗಳು ಆಗ ಯಾವ ನಗರದ ಬಾಲಕ್ಕೆ ಅಂಟಿಕೊಳ್ಳುತ್ತವೆ, ಚಿಂತಾಮಣಿ, ಶಿಡ್ಲಘಟ್ಟ ತಮ್ಮ ಜಿಲ್ಲೆಯ ಜೊತೆಗೇ ಮತ ಹಾಕುತ್ತವೆಯೇ ಎಂಬುದನ್ನು ವಿಂಗಡಣಾ ಆಯೋಗದ ಮುಂದೆ ಹೇಳಿಕೊಳ್ಳಲು ಸಾರ್ವಜನಿಕರಿಗೆ ಅವಕಾಶ ಇರುತ್ತದೆ. ಹಿಂದಿನ ಸಲವೂ ಇತ್ತು. ಕೆರೆಸಾಲಿನ ನಕ್ಷೆಯನ್ನು ಒಂದು ಹಾಳೆಯಲ್ಲಿ, ಕ್ಷೇತ್ರದ ನಕ್ಷೆಯನ್ನು ಇನ್ನೊಂದು ಹಾಳೆಯಲ್ಲಿ ಬರೆದು ಆ ಆಯೋಗದ ಮೇಜಿನ ಮೇಲಿಡುವ ಕೆಲಸವನ್ನು ಈ ಕಾಲೇಜಿನ ಭೂಗೋಳ ಮತ್ತು ರಾಜ್ಯಶಾಸ್ತ್ರ ವಿಭಾಗದವರು ಈಗಿನಿಂದಲೇ ಹಿಡಿಯಬಹುದು. ನಕ್ಷೆ ತಯಾರಾದರೆ ಅದನ್ನು ಹೊತ್ತು ಆಯೋಗದ ಮುಂದೆ ಹೋಗಲು ನಾನೂ ನಿಮ್ಮ ಜೊತೆ ಬರುತ್ತೇನೆ.